ಆಯಿಯ ರಷ್ಯಾ ಪಚಡಿ

ನಾವು ನಾಲ್ಕು ಮಂದಿ ರೂಮ್‌ಮೇಟ್‌ಗಳು. ನಮ್ಮಲ್ಲಿ ಒಬ್ಬನ ಊರು ಕುಂದಗೋಳ. ಐದನೇ ಸೆಮಿಸ್ಟರಿನ ಕೊನೆಯ ಪೇಪರ್ ಬರೆದ ಮರುದಿನವೇ ಬ್ಯಾಗ್ ಏರಿಸಿಕೊಂಡು ಅವನ ಮನೆಗೆ ಹೊರಟೆವು. ಕುಂದಗೋಳ ಅಂದ್ರೆ ಸಂಗೀತ ಬಲ್ಲವರಿಗೆ ಸವಾಯಿ ಗಂಧರ್ವರ ಊರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡ ಊರು, ಭೀಮಸೇನ ಜೋಶಿಯವರು ಗುರುಗಳ ಹತ್ತಿರ ಇದ್ದು ಕಲಿತ ಊರು. ನಾವು ಮಾತ್ರ ಅಲ್ಲಿಗೆ ಹೋದದ್ದು ರಷ್ಯನ್ ಸಲಾಡ್ ಮಾಡಲಿಕ್ಕೆ!

ಕಾರಣ, ಗೆಳೆಯನ ಆಯಿ.

ಆಯಿಗೆ ಎಂಬತ್ತು ದಾಟಿದೆ. ಹಲ್ಲು ಒಂದೊಂದಾಗಿ ಹೋದವು. ಹಲ್ಲಿನ ಸೆಟ್ ಮಾಡಿಸಿದರೂ ಒಸಡು ಒತ್ತುತ್ತದೆ ಅಂತ ಡಬ್ಬಿಯಲ್ಲಿ ಇಟ್ಟುಬಿಟ್ಟಿದ್ದಾರೆ. ಜೀವಮಾನವಿಡೀ ಕಟಕ್ ರೊಟ್ಟಿ, ಹಸಿ ಮೆಂತ್ಯಸೊಪ್ಪು, ಉಳ್ಳಾಗಡ್ಡಿ, ಸವತಿಕಾಯಿ ಪಚಡಿ ಉಂಡ ಬಾಯಿಗೆ ಈಗ ಮೂರೂ ಹೊತ್ತು ನುಚ್ಚು ಮಜ್ಜಿಗಿ. ಅದಕ್ಕಿಂತ ಕೆಟ್ಟದ್ದು, ಎಲ್ಲರ ಜೋಡಿ ಕೂತು ಉಣ್ಣೋದನ್ನೇ ಬಿಟ್ಟಿದ್ದರು. "ನೀವೆಲ್ಲಾ ಕರಂ ಕುರುಂ ತಿನ್ನೋದು ಕೇಳಿಕೋತ ನಾ ಯಾಕ ಕೂಡ್ಲಿ?" ಅಂತ ಒಳಗಿನ ಕೋಣೆಯಲ್ಲಿ ಒಬ್ಬರೇ ಉಂಡು ಮುಗಿಸುತ್ತಿದ್ದರು. ಹೋದ ವರ್ಷ ಹುಬ್ಬಳ್ಳಿಯ ಒಂದು ಮದುವೆಯಲ್ಲಿ ಬಡಿಸಿದ "ಬೆಳ್ಳನ್ನ ಪಲ್ಯ" ಮಾತ್ರ ಅವರಿಗೆ ಬಹಳ ಸೇರಿತ್ತಂತೆ. ಎರಡು ಸಲ ಹಾಕಿಸಿಕೊಂಡರಂತೆ. ಅದೇ ರಷ್ಯನ್ ಸಲಾಡ್.

ಇದರ ಕಥೆಯೂ ದೊಡ್ಡದಿದೆ. 1860ರ ದಶಕದಲ್ಲಿ ಮಾಸ್ಕೋದ ಹರ್ಮಿಟೇಜ್ ಎಂಬ ಹೋಟೆಲಿನಲ್ಲಿ ಲೂಸಿಯನ್ ಒಲಿವಿಯೆ ಎಂಬ ಅಡುಗೆಯವನು ಇದನ್ನು ಮಾಡಿದ. ಅವನದರಲ್ಲಿ ಹಕ್ಕಿ ಮಾಂಸ, ಸೀಗಡಿಯಂಥವೆಲ್ಲ ಇದ್ದವು. ಸಾಸಿನ ಗುಟ್ಟನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಆಮೇಲೆ ಸೋವಿಯತ್ ಕಾಲದ ಮನೆಗಳಲ್ಲಿ ಅದು ಬಟಾಟಿ, ಗಜ್ಜರಿ, ವಟಾಣಿ, ಮೊಟ್ಟೆಯ ಬಡವರ ತಿಂಡಿಯಾಯಿತು. ಇವತ್ತಿಗೂ ಅವರಿಗೆ ಹೊಸ ವರ್ಷದ ರಾತ್ರಿ ಅದು ಬೇಕೇ ಬೇಕು. ನಮ್ಮ ಕಡೆ ಬರುವಷ್ಟರಲ್ಲಿ ಮಾಂಸ, ಮೊಟ್ಟೆ ಎರಡೂ ಬಿದ್ದುಹೋಗಿ ಮದುವೆ ಊಟದ ಸಾಲಿನಲ್ಲಿ ಕೂತಿದೆ.

ಗೆಳೆಯನ ಮನೆಯಲ್ಲಿ ಮೊಟ್ಟೆ ಒಲೆ ಹತ್ತೋದಿಲ್ಲ. ಆದ್ದರಿಂದ ಹಾಲಿನ ಮಯೋನೀಸ್ ಮಾಡೋದು ಅಂತ ನಿರ್ಧಾರವಾಯಿತು. ಥಿಯರಿ ನಮಗೆ ಬಾಯಿಪಾಠ. ಎಣ್ಣೆ, ನೀರು ಕೂಡೋದಿಲ್ಲ. ಎಣ್ಣೆಯನ್ನು ಸಣ್ಣ ಸಣ್ಣ ಹನಿ ಮಾಡಿ ನೀರಿನೊಳಗೆ ಹರಡಿ, ಪ್ರತಿ ಹನಿಯ ಸುತ್ತ ಒಂದು ಪದರ ಕಟ್ಟಿದರೆ ಅವು ಮತ್ತೆ ಒಂದಾಗೋದಿಲ್ಲ. ಮೊಟ್ಟೆಯ ಹಳದಿಯಲ್ಲಿ ಆ ಕೆಲಸ ಲೆಸಿಥಿನ್ ಮಾಡುತ್ತದೆ, ಹಾಲಿನಲ್ಲಿ ಕೇಸೀನ್ ಪ್ರೋಟೀನ್. 100 ಮಿ.ಲೀ. ಹಾಲಿಗೆ 200 ಮಿ.ಲೀ. ಎಣ್ಣೆ. ಅಂದ್ರೆ ಮೂರರಲ್ಲಿ ಎರಡು ಪಾಲು ಎಣ್ಣೆಯೇ. ಮೊದಲ ವರ್ಷ ಓದಿದ ಎಫ್‌ಸಿಸಿ ಪ್ಯಾಕಿಂಗ್ ಫ್ಯಾಕ್ಟರ್ 0.74 ನೆನಪಿದೆಯಲ್ಲ? ಒಂದೇ ಗಾತ್ರದ ಗುಂಡುಗಳನ್ನು ಎಷ್ಟು ಒತ್ತಿ ಜೋಡಿಸಿದರೂ ಅದಕ್ಕಿಂತ ಹೆಚ್ಚು ಜಾಗ ತುಂಬೋದಿಲ್ಲ. ಎಣ್ಣೆಯ ಹನಿಗಳು ಆ ಅಂಚಿನ ಹತ್ತಿರ ಇಕ್ಕಟ್ಟಾಗಿ ಕೂತು ಅಲುಗಾಡಲಾರದೆ ಹೋಗೋದರಿಂದಲೇ ಮಯೋನೀಸ್ ಗಟ್ಟಿ. ಇದನ್ನೆಲ್ಲ ನಾವು ಅಡುಗೆಮನೆ ಕಟ್ಟೆಯ ಮೇಲೆ ಕೂತು ಅವ್ವಾರಿಗೆ ವಿವರಿಸಿದೆವು. ಅವರು "ಹೂಂ" ಅಂದು ಹಾಲು ಕೊಟ್ಟರು.

ಹಾಲು ಆಗಷ್ಟೇ ಕಾಯಿಸಿದ್ದು, ಇನ್ನೂ ಬೆಚ್ಚಗಿತ್ತು. ಅದು ತಣ್ಣಗಿರಬೇಕಿತ್ತು. ಮನೆಯಲ್ಲಿದ್ದದ್ದು ಶೇಂಗಾ ಎಣ್ಣೆ. ಮಿಕ್ಸಿಗೆ ಹಾಕಿ, ಎಣ್ಣೆಯನ್ನು ಎಳೆ ಎಳೆಯಾಗಿ ಬಿಡೋ ಬದಲು ಅವಸರಕ್ಕೆ ಒಮ್ಮೆಲೇ ಸುರಿದೆವು. ಇನ್ನೇನು ದಪ್ಪ ಆಗಾಕತ್ತಿತು ಅನ್ನೋದರೊಳಗ ಕರೆಂಟ್ ಹೋತು. ಅರ್ಧ ತಾಸಿನ ನಂತರ ಜಾರ್ ತೆಗೆದರೆ ಮೇಲೆ ಎಣ್ಣೆ, ಕೆಳಗೆ ನೀಲಿ ನೀರಿನಂಥ ಹಾಲು. ಕರೆಂಟ್ ಬಂದ ಮೇಲೆ ಮತ್ತೆ ತಿರುವಿದೆವು, ಇನ್ನಷ್ಟು ಎಣ್ಣೆ ಹಾಕಿದೆವು. ಅರ್ಧ ಲೀಟರ್ ಎಣ್ಣೆ ಹಾಳಾಯಿತು. ಶೇಂಗಾ ಬೆಳೆಯೋ ಮನೆಯಲ್ಲಿ ಎಣ್ಣೆ ಚೆಲ್ಲೋದು ಅಂದರೆ ಎಂಥ ಅವಮಾನ! ಅವ್ವಾರು ಏನೂ ಅನ್ನಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಗದ್ದಲ ಕೇಳಿ ಆಯಿ ಗ್ವಾಡಿ ಹಿಡಿದುಕೊಂಡು ಬಂದರು. ಜಾರ್ ಇಣುಕಿ ನೋಡಿದರು.

"ಇದು ಒಡದದ. ಏನ್ ಮಾಡಾಕತ್ತೀರಿ ತಮ್ಮಾ?"

"ಎಣ್ಣಿ ಹಾಲು ಕೂಡಸಾಕತ್ತೇವ್ರಿ ಆಯಿ."

ಆಯಿ ಬೊಚ್ಚು ಬಾಯಿ ತುಂಬ ನಕ್ಕರು. "ನಾ ಅರವತ್ತು ವರ್ಷ ಬೆಣ್ಣಿ ಬರಲಿ ಅಂತ ಕಡದೀನಿ. ನೀವು ಬರಬಾರದು ಅಂತ ಕಡ್ಯಾಕತ್ತೀರೇನು!"

ನಾವು ನಾಲ್ವರೂ ಮುಖ ಮುಖ ನೋಡಿಕೊಂಡೆವು. ಪೂರ್ತಿ ಒಂದು ಸೆಮಿಸ್ಟರ್ ಪಾಠ ಒಂದೇ ಮಾತಿನಲ್ಲಿತ್ತು. ಕೆನೆಯೂ ನೀರಿನೊಳಗೆ ಜಿಡ್ಡಿನ ಹನಿ ಹರಡಿಕೊಂಡ ಎಮಲ್ಷನ್ನೇ. ಕಡಗೋಲು ಆ ಹನಿಗಳ ಪದರ ಹರಿದು ಅವನ್ನು ಒಂದಕ್ಕೊಂದು ಅಂಟಿಸುತ್ತದೆ, ಬೆಣ್ಣೆ ಮುದ್ದೆ ತೇಲುತ್ತದೆ. ನಾವೂ ಅದೇ ರೀತಿ ತಿರುವುತ್ತಿದ್ದೆವು, ಬೇಕಾದದ್ದು ಮಾತ್ರ ಉಲ್ಟಾ.

"ಎಣ್ಣಿ ಯಾಕ ಬೇಕು? ಮೊಸರು ಕಟ್ರಿ" ಅಂದರು ಆಯಿ.

ಒಂದು ಲೀಟರ್ ಎಮ್ಮೆ ಹಾಲಿನ ಮೊಸರನ್ನು ಹಳೆ ಧೋತರದ ಬಟ್ಟೆಯಲ್ಲಿ ಗಂಟು ಕಟ್ಟಿ ಕಿಟಕಿಯ ಸರಳಿಗೆ ತೂಗಿಬಿಟ್ಟೆವು. ನಾಲ್ಕು ತಾಸಿಗೆ ನೀರೆಲ್ಲ ಸೋರಿ ಬೆರಳಿಗೆ ಅಂಟುವಂಥ ಗಟ್ಟಿ ಮೊಸರು ಉಳಿಯಿತು. ಅಷ್ಟರೊಳಗೆ ನಾಲ್ಕು ಬಟಾಟಿಯನ್ನು ಸಿಪ್ಪೆ ಸಮೇತ ಕುದಿಸಿ, ಪೂರ್ತಿ ಆರಿದ ಮೇಲೆ ಸುಲಿದು ಸಣ್ಣ ಚೌಕ ಹೆಚ್ಚಿದೆವು. ಬಿಸಿ ಇದ್ದಾಗ ಹೆಚ್ಚಿದರೆ ಮುದ್ದೆಯಾಗುತ್ತದೆ, ಬಿಸಿಯಲ್ಲೇ ಕಲಸಿದರೆ ಮೊಸರು ನೀರಾಗುತ್ತದೆ. ಎರಡು ಗಜ್ಜರಿ, ಒಂದು ಹಿಡಿ ಬೀನ್ಸ್, ಒಂದು ಬಟ್ಟಲು ಹಸಿ ವಟಾಣಿ ಬೇರೆ ಬೇರೆ ಬೇಯಿಸಿದೆವು, ಯಾಕಂದ್ರೆ ಒಂದೊಂದು ಒಂದೊಂದು ಹೊತ್ತಿಗೆ ಬೇಯುತ್ತದೆ. ಹೋಟೆಲಿನವರು ಇವನ್ನು ಸ್ವಲ್ಪ ಗಟ್ಟಿಯೇ ಇಡ್ತಾರೆ. ನಾವು ಆಯಿಯ ಒಸಡಿನ ಲೆಕ್ಕಕ್ಕೆ ಬೆರಳಲ್ಲಿ ಒತ್ತಿದರೆ ಮೆತ್ತಗಾಗುವಷ್ಟು ಬೇಯಿಸಿದೆವು. ಮದುವೆಯದರಲ್ಲಿದ್ದ ಅನಾನಸ್ ನಾರು ಅಂತ ಬಿಟ್ಟೆವು.

ಗಟ್ಟಿ ಮೊಸರಿಗೆ ಎರಡು ಚಮಚ ಕೆನೆ, ಕಾಲು ಚಮಚ ಸಾಸಿವೆ ಪುಡಿ, ಒಂದು ಚಮಚ ಸಕ್ಕರೆ, ಉಪ್ಪು, ಮೆಣಸಿನ ಪುಡಿ ಅಂದರೆ ಕರಿಮೆಣಸು. ನಮ್ಮಲ್ಲೊಬ್ಬ ಮತ್ತೆ ಮಿಕ್ಸಿ ಕಡೆ ಕೈ ಹಾಕಿದ. "ಕಡೀಬ್ಯಾಡ್ರೋ, ಕಲಸ್ರಿ!" ಅಂತ ಆಯಿ ಗದರಿದರು.

ರಾತ್ರಿ ಊಟಕ್ಕೆ ಆಯಿಯ ತಾಟು ಎಲ್ಲರ ಸಾಲಿನಲ್ಲೇ ಇಟ್ಟೆವು. ಬರ್ತಾರೋ ಇಲ್ಲೋ ಅಂತ ನಮಗೆ ರಿಸಲ್ಟ್ ದಿನದ ಪುಕುಪುಕು. ಬಂದರು. ಒಂದು ತುತ್ತು ಬಾಯಲ್ಲಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಖಾರ ಇಲ್ಲ" ಅಂದರು! ಅವ್ವಾರು ನುಣ್ಣಗಿನ ಗುರೆಳ್ಳು ಪುಡಿ ತಂದು ಮೇಲೆ ಉದುರಿಸಿದರು. ಎರಡನೇ ಸಲ ಆಯಿ ತಾವೇ ತಾಟು ಮುಂದೆ ಹಿಡಿದರು. ನಾವು ರೊಟ್ಟಿ ಮುರಿಯೋ ಸಪ್ಪಳಕ್ಕೆ ಅವತ್ತು ಎದ್ದು ಹೋಗಲಿಲ್ಲ. ಸುಳ್ಳು ಯಾಕೆ ಹೇಳೋದು, ಮೂರು ದಿನಕ್ಕೆ ಅವರಿಗೆ ಸಲಾಡ್ ಬೇಜಾರಾಗಿ ನುಚ್ಚು ಮಜ್ಜಿಗಿಗೇ ಮರಳಿದರು. ಆದರೆ ತಾಟು ಮಾತ್ರ ಒಳಗಿನ ಕೋಣೆಗೆ ಮರಳಿಲ್ಲ ಅಂತ ಗೆಳೆಯ ಹೇಳ್ತಾನೆ.

ಅಂದಹಾಗೆ ಆ ಮನೆಯಲ್ಲಿ ಈಗ ಅದರ ಹೆಸರು "ರಷ್ಯಾ ಪಚಡಿ". ಮುಂದಿನ ರಜೆಗೂ ಕರೆ ಬಂದಿದೆ. ಎಣ್ಣೆ ಮಾತ್ರ ನೀವೇ ತರಬೇಕು ಅಂತ ಅವ್ವಾರು ಹೇಳಿ ಕಳಿಸಿದ್ದಾರೆ.