ಹುಣಸೆಹಣ್ಣು ಹಚ್ಚಿ ತಿಕ್ಕಿದ ಬಿಲ್ಲೆ

ಜಪಾನಿಗೆ ಹೋಗಿ ಬಂದೆ ಅಂದ ಕೂಡಲೆ ಎಲ್ಲರೂ ಕೇಳುವುದು ಚೆರಿ ಹೂವು, ಬುಲೆಟ್ ರೈಲು, ಊಟಕ್ಕೇನು ಮಾಡಿದಿರಿ ಅಂತ. (ಅವಲಕ್ಕಿ, ಚಟ್ನಿಪುಡಿ ಒಯ್ದಿದ್ದೆ, ಬಿಡಿ.) ನಾನು ನಿಮಗೆ ಹೇಳಹೊರಟಿರುವುದು ಅಂಗೈಯಗಲದ ಒಂದು ಕಬ್ಬಿಣದ ಬಿಲ್ಲೆಯ ವಿಷಯ.

ನಮ್ಮ ಮಾವನವರು ಸೈನ್ಯದಲ್ಲಿದ್ದವರು. ಮಹಾಯುದ್ಧ ಮುಗಿದ ಮೇಲೆ, 1946-47ರಲ್ಲಿ, ಜಪಾನಿನಲ್ಲಿ ಕಾವಲಿಗಿದ್ದ ಭಾರತೀಯ ಪಡೆಯ ಜೊತೆ ಶಿಮಾನೆ ಎಂಬ ಸೀಮೆಯಲ್ಲಿದ್ದರು. ಬರುವಾಗ ತಂದದ್ದು ಈ ಬಿಲ್ಲೆ. ನಡುವೆ ಬೆಣೆಯಾಕಾರದ ಸೀಳು, ಎರಡು ಪಕ್ಕಕ್ಕೂ ಒಂದೊಂದು ತೂತು, ಅಂಚಿನಲ್ಲಿ ಹುಲ್ಲಿನೆಸಳ ಮೇಲೆ ಕೂತ ಏರೋಪ್ಲೇನ್ ಚಿಟ್ಟೆ. ಮೇಜಿನ ಮೇಲೆ ಕಾಗದ ಹಾರದಂತೆ ಇಡುತ್ತಿದ್ದರು. ಎಲ್ಲಿ ಸಿಕ್ಕಿತು ಅಂದರೆ ಮಾತೇ ಇಲ್ಲ. ಅವರು ತೀರಿಕೊಂಡ ಮೇಲೆ ಅದು ಕತ್ತಿಯ ಹಿಡಿಗೂ ಅಲಗಿಗೂ ನಡುವೆ ಕೂರುವ ತಡೆ, ಜಪಾನಿನಲ್ಲಿ 'ತ್ಸುಬಾ' ಎನ್ನುತ್ತಾರೆ ಎಂದು ಗೊತ್ತಾಯಿತು. ಅಂದಿನಿಂದ ನಮ್ಮೆಜಮಾನರಿಗೆ ಒಂದೇ ಕೊರೆತ. ಅಪ್ಪ ಇದನ್ನು ಸತ್ತವನ ಕತ್ತಿಯಿಂದ ಕಿತ್ತು ತಂದರೇ?

ಮಗಳು ಟೋಕಿಯೋದಲ್ಲಿ ಕೆಲಸಕ್ಕಿದ್ದಾಳೆ. ನಾನೊಬ್ಬಳೇ ಹೊರಟೆ. ಬಿಲ್ಲೆಯ ಫೋಟೋ ತೆಗೆಯಬೇಕಲ್ಲ, ಕರ್ರಗೆ ಕಾಣುತ್ತೆ ಅಂತ ರಾತ್ರಿಯೆಲ್ಲ ಹುಣಸೆಹಣ್ಣಿನಲ್ಲಿ ನೆನೆಹಾಕಿ, ಬೆಳಗ್ಗೆ ಎಮರಿ ಕಾಗದದಿಂದ ತಿಕ್ಕಿದೆ. ಪೂಜೆಯ ತಂಬಿಗೆ ಹಾಗೆ ಹೊಳೆಯಿತು. ಎಷ್ಟು ಜಂಬಪಟ್ಟೆ ಗೊತ್ತೆ! ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚೂ ತೆಗೆದುಕೊಂಡೆ.

ಟೋಕಿಯೋದ ರ್‍ಯೋಗೊಕು ಸುಮೋ ಜಟ್ಟಿಗಳ ಬಡಾವಣೆ. ಸುಮಿದಾ ನದಿಯ ಹತ್ತಿರ ಹಳೇ ಯಾಸುದಾ ತೋಟದಲ್ಲಿ ಕತ್ತಿಗಳದ್ದೇ ಒಂದು ವಸ್ತುಸಂಗ್ರಹಾಲಯವಿದೆ, 2018ರಲ್ಲಿ ಯೊಯೊಗಿಯಿಂದ ಇಲ್ಲಿಗೆ ಬಂದದ್ದು. ಕೊಳದ ಪಕ್ಕದ ನೆಮ್ಮದಿಯ ಜಾಗ. ಕತ್ತಿ ನೋಡುವುದರಲ್ಲಿ ನನಗೇನು ಆಸಕ್ತಿ ಅಂದುಕೊಂಡೇ ಒಳಗೆ ಹೋದೆ. ಹೊರಬಂದದ್ದು ಮಧ್ಯಾಹ್ನ.

ಈ ತಡೆಗಳಲ್ಲಿ ಏನಿಲ್ಲ ಹೇಳಿ! ಕೊಕ್ಕರೆ, ಅಲೆ, ಮೊಲ, ಮನೆತನಗಳ ಲಾಂಛನ. ವೀಣೆಯಂಥ ವಾದ್ಯ ಹಿಡಿದ ದೇವತೆ ಕಂಡರೆ ಅವಳು ಬೆನ್‌ಝೈತೆನ್, ಅಂದರೆ ನಮ್ಮ ಸರಸ್ವತಿಯೇ. ಕೆಲವು ಅಲಗುಗಳ ಮೇಲೆ, ತಡೆಗಳ ಮೇಲೆ ಸಂಸ್ಕೃತದ ಬೀಜಾಕ್ಷರ ಕೂಡ ಇರುತ್ತದೆ. 806ರಲ್ಲಿ ಚೀನಾದಿಂದ ಮರಳಿದ ಕೂಕಾಯ್ ಎಂಬ ಸನ್ಯಾಸಿಯ ಪಂಥದವರು ಕಾಪಾಡಿಕೊಂಡ ಸಿದ್ಧಂ ಲಿಪಿ. ಅಚಲನಾಥನ 'ಹಾಂ' ಅಕ್ಷರವನ್ನು ಅಷ್ಟು ದೂರದಲ್ಲಿ, ಕತ್ತಿಯ ಮೇಲೆ ಕಂಡರೆ ಹೇಗಾಗಬೇಡ!

ಅಲ್ಲಿಂದ ಒಂದು ಹಳೇ ಸಾಮಾನಿನ ಅಂಗಡಿಗೆ ಹೋದೆವು. ಅಂಗಡಿಯ ಅಜ್ಜ ಫೋಟೋ ನೋಡಿದವರೇ ಹಲ್ಲು ಕಚ್ಚಿ ಉಸಿರೆಳೆದರು. "ಅಮ್ಮಾ, ಇದನ್ನ ಯಾರು ತಿಕ್ಕಿದ್ದು ಅಂತ ಕೇಳ್ತಿದಾರೆ" ಅಂದಳು ಮಗಳು. ಆ ಕಪ್ಪು ಕೊಳೆಯಲ್ಲವಂತೆ. ಕುಶಲಿ ಬೇಕೆಂದೇ ಬರಿಸಿದ, ಕಾಲ ಹದಗೊಳಿಸಿದ ಬಣ್ಣ. ನಿಮ್ಮ ಮನೆಯಲ್ಲೂ ಇಂಥದ್ದಿದ್ದರೆ ದಯವಿಟ್ಟು ಒಣ ಹತ್ತಿಬಟ್ಟೆಯಲ್ಲಿ ಒರೆಸಿ, ಅಷ್ಟೇ. ಹುಣಸೆಹಣ್ಣು ಸಾರಿಗಿರಲಿ.

ಆಮೇಲೆ ಅಜ್ಜ ಪೆನ್ಸಿಲ್ ಅಚ್ಚನ್ನು ದೀಪದ ಕೆಳಗೆ ಹಿಡಿದರು. ಸೀಳಿನ ಬಲಕ್ಕೆ ಸಣ್ಣ ಅಕ್ಷರ: 'ಚೋಶೂ ಹಾಗಿ ಜೂ'. ಚೋಶೂ ಸೀಮೆಯ ಹಾಗಿ ಊರಿನವನು ಅಂತ. ನಮ್ಮಲ್ಲಿ ಹೆಸರಿಗೆ ಮೊದಲು ಊರು ಹಚ್ಚಿಕೊಳ್ಳುವುದಿಲ್ಲವೇ, ಹಾಗೇ. ಹಾಗಿ ಇರುವುದು ಶಿಮಾನೆಯ ಪಕ್ಕದ ಯಾಮಾಗುಚಿಯಲ್ಲಿ, ಮೋರಿ ಮನೆತನದ ಕೋಟೆಯೂರು. ಹೆಸರಿರಬೇಕಾದದ್ದು ಎಡಕ್ಕೆ. ಅಲ್ಲಿ ತುಕ್ಕು ಅರ್ಧ ತಿಂದಿತ್ತು, ಉಳಿದರ್ಧ ನನ್ನ ಎಮರಿ ಕಾಗದ ತಿಂದಿತ್ತು.

ಪಕ್ಕದ ತೂತುಗಳಲ್ಲಿ ಒಂದು ಸಣ್ಣ ಚಾಕುವಿಗೆ, ಇನ್ನೊಂದು ತಲೆಗೂದಲು ಸರಿಮಾಡಿಕೊಳ್ಳುವ ಕಡ್ಡಿಗೆ. (ಯೋಧನಾದರೂ ತಲೆ ನೆಟ್ಟಗಿರಬೇಕಲ್ಲ!) ಏರೋಪ್ಲೇನ್ ಚಿಟ್ಟೆಗೆ ಅಲ್ಲಿ 'ಗೆಲುವಿನ ಹುಳು' ಎನ್ನುತ್ತಾರೆ. ಹಿಂದಕ್ಕೆ ಹಾರುವುದಿಲ್ಲ ಎಂಬ ನಂಬಿಕೆಯಿಂದ ಯೋಧರಿಗೆ ಅಚ್ಚುಮೆಚ್ಚು.

ನಾನು ಕೇಳಬೇಕಾದ್ದನ್ನು ಕೇಳಿಯೇಬಿಟ್ಟೆ. ಇದು ಯುದ್ಧದಲ್ಲಿ ಸತ್ತವನದೇ?

ಅಜ್ಜ ಬಿಡಿಸಿ ಹೇಳಿದರು. 1876ರ ಆಜ್ಞೆಯಿಂದ ಕತ್ತಿ ಕಟ್ಟಿಕೊಂಡು ಓಡಾಡುವುದು ನಿಂತೇಹೋಯಿತು, ಈ ಕೆಲಸ ಅದಕ್ಕಿಂತ ಹಳೆಯದು. ಮಹಾಯುದ್ಧದ ಅಧಿಕಾರಿಗಳ ಕತ್ತಿಗೆ ಬಹುಮಟ್ಟಿಗೆ ಚೆರಿ ಹೂವಿನ ಗುರುತಿನ, ಒಂದೇ ಮಾದರಿಯ ಹಿತ್ತಾಳೆ ತಡೆ. ಅಜ್ಜನ ಕಾಲದ ಅಲಗು ಒಯ್ದವರೂ ಹೊಸ ಹಿಡಿ, ಹೊಸ ತಡೆ ಹಾಕಿಸಿಕೊಂಡೇ ಹೋಗುತ್ತಿದ್ದರು. ಹಳೆಯ ತಡೆ ಮನೆಯ ಪೆಟ್ಟಿಗೆಯಲ್ಲೇ ಉಳಿಯುತ್ತಿತ್ತು. "ಖಂಡಿತ ಅಂತ ಹೇಳಲಾರೆ. ಆದರೆ 1946ರಲ್ಲಿ ಇಂಥದ್ದು ಸಿಕ್ಕಿದ್ದರೆ ಯಾರೋ ಮಾರಿರಬೇಕು" ಅಂದರು.

ಆ ಕಾಲದ ಬದುಕಿಗೆ ಅವರಲ್ಲಿ 'ತಾಕೆನೊಕೊ' ಬದುಕು ಎಂಬ ಹೆಸರಿತ್ತು. ತಾಕೆನೊಕೊ ಅಂದರೆ ಕಳಲೆ. ಮಲೆನಾಡಿನ ನಿಮಗೆ ಹೇಳಬೇಕೆ? ಪದರ ಪದರ ಸುಲಿಯುತ್ತ ಹೋಗುವುದು. ಹೆಂಗಸರು ಇಂದು ಒಂದು ಕಿಮೋನೊ, ನಾಳೆ ಇನ್ನೊಂದು ಕೊಟ್ಟು, ರೈಲು ಹತ್ತಿ ಹಳ್ಳಿಗೆ ಹೋಗಿ ಅಕ್ಕಿ, ಗೆಣಸು ತರುತ್ತಿದ್ದ ಕಾಲ.

ರಾತ್ರಿ ಮನೆಗೆ ಫೋನ್ ಮಾಡಿ ಎಲ್ಲ ಹೇಳಿದೆ. ಎಮರಿ ಕಾಗದದ್ದೂ ಹೇಳಿದೆ. ಬೈಯುತ್ತಾರೆ ಅಂತಿದ್ದೆ. ಬಹಳ ಹೊತ್ತು ಸುಮ್ಮನಿದ್ದು, "ಅಪ್ಪ ಅವರಿಗೆ ಎಷ್ಟು ಅಕ್ಕಿ ಕೊಟ್ಟಿರಬಹುದು?" ಅಂತ ಕೇಳಿದರು.

ಈಗ ಬಿಲ್ಲೆ ಹತ್ತಿಬಟ್ಟೆಯಲ್ಲಿ ಸುತ್ತಿ, ಮಾವನವರ ಪದಕಗಳ ಡಬ್ಬಿಯಲ್ಲಿದೆ. ಮೇಜಿನ ಕಾಗದದ ಮೇಲೆ ಹೊಳೆಯಿಂದ ತಂದ ಒಂದು ಗುಂಡುಕಲ್ಲು ಇಟ್ಟಿದ್ದೇವೆ.