ಬಿದ್ದುಹೋದ ಒಂದು ಪದ

ಕನ್ನಡ ಮಾಧ್ಯಮದಲ್ಲಿ ಒಂಬತ್ತನೆಯ ತರಗತಿ ಓದುವ ನನ್ನ ಮಗಳು ಮೊನ್ನೆ ಕೇಳಿದಳು: “ಅಪ್ಪಾ, ಕ್ವಾಂಟಂ ಕಂಪ್ಯೂಟರಿನೊಳಗಿನದನ್ನು ನೋಡಿದರೆ ಕೆಡುತ್ತದಂತೆ. ಹಾಗಾದರೆ ಉತ್ತರ ಹೊರಗೆ ಬರುವುದು ಹೇಗೆ?” ನಾನು ಕಲಿತದ್ದು ಕಾನೂನು. ಆದರೂ ಪ್ರಶ್ನೆ ನನ್ನ ವೃತ್ತಿಗೆ ಸಮೀಪದ್ದೆನಿಸಿ ನಾಲ್ಕು ದಿನ ಕುಳಿತು ಓದಿದೆ.

ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆರ್. ವಿಜಯರಾಘವನ್ ಅವರ ತಂಡವು ಅತಿವಾಹಕ ಕ್ಯೂಬಿಟ್‌ಗಳನ್ನು ನಿರ್ಮಿಸುತ್ತಿದೆ. ಡಿಆರ್‌ಡಿಒ ಮತ್ತು ಟಿಸಿಎಸ್ ಜೊತೆಗೂಡಿ ಸಿದ್ಧಪಡಿಸಿದ 6 ಕ್ಯೂಬಿಟ್‌ಗಳ ಯಂತ್ರದ ಪರೀಕ್ಷೆ ಪೂರ್ಣಗೊಂಡ ಸುದ್ದಿ 2024ರ ಆಗಸ್ಟ್‌ನಲ್ಲಿ ಬಂದಿತು. ಕ್ಯೂಬಿಟ್ಟನ್ನು ಅಲ್ಲಿ ಯಾರೂ ನೇರವಾಗಿ ಪ್ರಶ್ನಿಸುವುದಿಲ್ಲ. ಅದರ ಪಕ್ಕದಲ್ಲೊಂದು ಅನುರಣಕವಿರುತ್ತದೆ. ಕ್ಯೂಬಿಟ್ ಸೊನ್ನೆಯೋ ಒಂದೋ ಎಂಬುದಕ್ಕೆ ತಕ್ಕಂತೆ ಅದರ ಶ್ರುತಿ ತುಸು ಬದಲಾಗುತ್ತದೆ. ಕ್ಷೀಣವಾದ ಮೈಕ್ರೋತರಂಗವನ್ನು ಕಳುಹಿಸಿ, ಮರಳಿದ ಅಲೆಯಲ್ಲಿ ಆ ವ್ಯತ್ಯಾಸವನ್ನು ಗುರುತಿಸಬೇಕು. ಜೋರಾಗಿ ಕೇಳಿದರೆ ಕ್ಯೂಬಿಟ್ಟೇ ಕದಡುತ್ತದೆ, ಮೆಲ್ಲಗೆ ಕೇಳಿದರೆ ಉತ್ತರ ಗದ್ದಲದಲ್ಲಿ ಮುಳುಗುತ್ತದೆ. ತಡಮಾಡುವಂತೆಯೂ ಇಲ್ಲ: ಸ್ಥಿತಿ ಬಾಳುವುದು ಸೆಕೆಂಡಿನ ಹತ್ತುಲಕ್ಷದಲ್ಲಿ ಕೆಲವು ಹತ್ತು ಅಥವಾ ನೂರು ಪಾಲು ಮಾತ್ರ.

ಇನ್ನೊಂದು ತೊಡಕು ದಾರಿಯದು. ಪ್ರತಿ ತಂತಿಯಲ್ಲಿ, ಪ್ರತಿ ಬೆಸುಗೆಯಲ್ಲಿ ಸಂಕೇತ ಒಂದಿಷ್ಟು ಸೋರುತ್ತದೆ. ಸೋರಿದ್ದನ್ನು ಮುಂದಿನ ಯಾವ ವರ್ಧಕವೂ ಮರಳಿ ತರಲಾರದು. ಆದ್ದರಿಂದ ಮೊದಲನೆಯ ವರ್ಧಕವನ್ನು ಕ್ಯೂಬಿಟ್ಟಿನ ಬಳಿಯಲ್ಲೇ, ಅದೇ ಕೊರೆಯುವ ಶೀತದೊಳಗೆ ಇರಿಸುತ್ತಾರೆ. ಇಂಥ ಜೋಸೆಫ್‌ಸನ್ ವರ್ಧಕಗಳ ಕೆಲಸವನ್ನೇ ವಿಜಯರಾಘವನ್ ಯೇಲ್‌ನಲ್ಲಿ ಮಿಶೆಲ್ ಡೆವೊರೆ ಅವರ ಬಳಿ ಮಾಡಿದ್ದರು. ಆ ಡೆವೊರೆ ಅವರೇ 2025ರ ಭೌತಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲೊಬ್ಬರು.

ಇಲ್ಲಿಗೆ ಬಂದಾಗ ತಳಿ ಸೀಮೆಯ ಒಬ್ಬ ಅಜ್ಜಿ ನೆನಪಾದರು. ಜಮೀನಿನ ದಾವೆ. ದಾವೆ ಹೂಡಿ ಏಳು ವರ್ಷಗಳಾದ ಮೇಲೆ ಅವರ ಸರದಿ ಬಂದಿತ್ತು. ಪಾಟೀಸವಾಲಿನಲ್ಲಿ ಅವರು, “ಹೊಲಾನ ಅವರಿಗೆ ವಾರಕ್ಕೆ ಬಿಟ್ಟಿದ್ದೆ” ಎಂದರು. ಕನ್ನಡದ ಮಾತು ತಮಿಳಿನಲ್ಲಿ ದಾಖಲಾಗುವಾಗ ‘ವಾರಕ್ಕೆ’ ಬಿದ್ದುಹೋಯಿತು. ಉಳಿದದ್ದು ‘ಬಿಟ್ಟಿದ್ದೆ’ ಮಾತ್ರ. ಅಜ್ಜಿ ಹೆಬ್ಬೆಟ್ಟು ಒತ್ತಿದರು. ನಕಲು ಪಡೆದು ನಾನು ಓದಿದ್ದು ಅವರು ತೀರಿಕೊಂಡ ಮೇಲೆ. ಮೇಲ್ಮನವಿಯಲ್ಲಿ ಎಷ್ಟು ಗಟ್ಟಿಯಾಗಿ ವಾದಿಸಿದರೂ ಆ ಪದ ಮರಳಲಿಲ್ಲ.

ಮಗಳಿಗೆ ಇದನ್ನೂ ಹೇಳಿದೆ. “ಆವತ್ತೇ ಓದಿ ನೋಡಲಿಲ್ಲವಾ ಅಪ್ಪಾ?” ಎಂದಳು.

“ಇಲ್ಲಮ್ಮ. ಊಟದ ಹೊತ್ತಾಗಿತ್ತು” ಎಂದೆ.