ಬೆಂಕಿ, ಹೊಗೆ, ಉಗಿ

ಒಂದೇ ವಸ್ತುವಿಗೆ ಮೂರು ಹೆಸರುಗಳನ್ನಿಟ್ಟುಕೊಂಡು ಮೂರನ್ನೂ ಬಳಸುವ ಭಾಗ್ಯ ಗಡಿನಾಡಿನವರದು. ಮರಾಠಿಯವರು ರೈಲನ್ನು ‘ಆಗಗಾಡಿ’ ಎಂದರು. ಅವರ ಕಣ್ಣಿಗೆ ಮೊದಲು ಬಿದ್ದುದು ಅದರ ಒಡಲಿನ ಬೆಂಕಿ. ನಮ್ಮ ಹಿರಿಯರಲ್ಲಿ ಕೆಲವರು ‘ಹೊಗೆಬಂಡಿ’ ಎಂದರು. ಅವರು ದೂರದಿಂದ ಕಂಡವರಿರಬೇಕು. ಇನ್ನು ಕೆಲವರು ‘ಉಗಿಬಂಡಿ’ ಎಂದರು; ಅವರು ಹತ್ತಿರ ಹೋಗಿ, ಒಲೆಯ ಮೇಲಿನ ಗಡಿಗೆಯನ್ನು ನೆನೆದು, ಕಾರಣವನ್ನು ವಿಚಾರಿಸಿದವರಿರಬೇಕು. ಬೋರಾಮಣಿಯ ಓಣಿಯಲ್ಲಿಯೂ ಸೊಲ್ಲಾಪುರದ ಪೇಟೆಯಲ್ಲಿಯೂ ಈ ಮೂರು ಮಾತುಗಳು ಒಂದರ ಬೆನ್ನಿಗೊಂದು ನಮ್ಮ ಕಿವಿಗೆ ಬಿದ್ದಿವೆ. ಯಾವ ಹೆಸರು ಸರಿಯೆಂದು ಜಗಳವಾಡಿದವರನ್ನು ಮಾತ್ರ ನಾವು ಕಾಣೆವು. ಬೆಂಕಿಯಿಲ್ಲದೆ ಹೊಗೆಯೂ ಇಲ್ಲ, ಉಗಿಯೂ ಇಲ್ಲವೆಂಬುದು ಎಲ್ಲರಿಗೂ ತಿಳಿದಿದ್ದಿತು.

ಇಂದು ಹೆಸರುಗಳು ಉಳಿದಿವೆ, ವಸ್ತು ಹೋಗಿದೆ. ಚಿತ್ತರಂಜನದ ಕಾರ್ಖಾನೆ ತನ್ನ ಕಡೆಯ ಉಗಿ ಎಂಜಿನನ್ನು 1972ರಲ್ಲಿ ಕಟ್ಟಿ ಮುಗಿಸಿತು. ನಮ್ಮ ದೇಶದ ಬ್ರಾಡ್‌ಗೇಜ್ ಹಾದಿಗಳಲ್ಲಿ ಉಗಿಯ ದಿನನಿತ್ಯದ ಓಡಾಟ 1995ರಲ್ಲಿ ನಿಂತಿತು. ಆದರೂ ಒಂದೆರಡು ಬೆಟ್ಟದ ಸೀಮೆಗಳಲ್ಲಿ ಅದು ಇನ್ನೂ ಉಸಿರಾಡುತ್ತಿದೆ. ವೇಗವನ್ನೇ ಐದನೆಯ ಪುರುಷಾರ್ಥವೆಂದು ಬಗೆಯುವ ಈ ಕಾಲದಲ್ಲಿ, ಜನರು ಹಣ ಕೊಟ್ಟು, ತಿಂಗಳುಗಳ ಮೊದಲೇ ಸ್ಥಳ ಕಾದಿರಿಸಿ, ಮೆಲ್ಲಗೆ ಹೋಗುವುದಕ್ಕಾಗಿ ಅಲ್ಲಿಗೆ ನಡೆಯುತ್ತಾರೆ. ಇದೇನು ಹುಚ್ಚು ಎಂದು ನೋಡಬೇಕೆಂದೇ ನಾವೂ ಒಮ್ಮೆ ಕೆಲವು ಮಂದಿ ವಿದ್ಯಾರ್ಥಿಗಳನ್ನು ಕೂಡಿಕೊಂಡು ನೀಲಗಿರಿಗೆ ಹೋದೆವು.

ನಮ್ಮ ಸೀಮೆ ಎಂಥದೆಂಬುದನ್ನು ಬಲ್ಲವರಿಗೆ ಆ ಮಕ್ಕಳ ಬೆರಗು ತಿಳಿದೀತು. ಬೋರಾಮಣಿಯ ಸುತ್ತ ಎತ್ತ ನೋಡಿದರತ್ತ ಕರಿಯ ನೆಲ. ಹಿಂಗಾರಿನ ಬಿಳಿಜೋಳ, ಕಡಲೆ, ತೊಗರಿ. ಕಣ್ಣು ತಡೆಯುವ ಎತ್ತರವೆಂದರೆ ಕಣಿಕೆಯ ಬಣವಿಯೇ. ಅಂಥ ಬಯಲಿನ ಮಕ್ಕಳು ಮೇಟ್ಟುಪಾಳಯದ ನಿಲ್ದಾಣದಲ್ಲಿ ಬೆಳಗಿನ ಏಳು ಗಂಟೆಗೆ ನಿಂತು, ಮುಂದೆ ಗೋಡೆಯಂತೆ ಎದ್ದ ಬೆಟ್ಟವನ್ನೂ ಪಕ್ಕದಲ್ಲಿ ನಿಂತಿದ್ದ ನೀಲಿ ಗಾಡಿಯನ್ನೂ ಸರದಿಯಾಗಿ ನೋಡುತ್ತಿದ್ದರು. ಅವರಲ್ಲೊಬ್ಬನು, “ಗುರುಗಳೆ, ಎಂಜಿನ್ ಹಿಂದ್ಯಾಕ ಅದರಿ?” ಎಂದು ಕೇಳಿದನು. ಪ್ರಶ್ನೆ ಸರಿಯಾಗಿಯೇ ಇದ್ದಿತು. ಏರುವಾಗ ಅಲ್ಲಿ ಎಂಜಿನು ಎಳೆಯುವುದಿಲ್ಲ. ಹಿಂದೆ ನಿಂತು ನೂಕುತ್ತದೆ. ಗಾಡಿಯ ಕೊಂಡಿ ಕಳಚಿದರೂ ಡಬ್ಬಿಗಳು ಇಳಿಜಾರಿನಲ್ಲಿ ಓಡಿಹೋಗದಂತೆ ಕೆಳಗಿನಿಂದ ಆಸರೆ ಕೊಟ್ಟು ಏರಿಸುವ ಉಪಾಯವದು. ಇದರ ಮೇಲೆ ಡಬ್ಬಿಗೊಬ್ಬನಂತೆ ಬ್ರೇಕಿನವನು ಬೇರೆ ಇರುತ್ತಾನೆ.

ಈ ಹಾದಿ ಕೂನೂರಿನವರೆಗೆ 1899ರಲ್ಲಿಯೂ ಉದಕಮಂಡಲದವರೆಗೆ 1908ರಲ್ಲಿಯೂ ತೆರೆಯಿತು. ಉದ್ದ ಸುಮಾರು 46 ಕಿಲೋಮೀಟರು; ತಿರುವುಗಳು 208; ಸುರಂಗಗಳು 16; ದೊಡ್ಡವು ಚಿಕ್ಕವು ಸೇರಿ ಸೇತುವೆಗಳು 250. ಸಮುದ್ರಮಟ್ಟಕ್ಕಿಂತ 326 ಮೀಟರು ಎತ್ತರದಲ್ಲಿ ಹೊರಟ ಗಾಡಿ 2,203 ಮೀಟರಿನ ಎತ್ತರಕ್ಕೆ ಹೋಗಿ ನಿಲ್ಲುತ್ತದೆ. ಇದಕ್ಕೆ ಹಿಡಿಯುವ ಕಾಲ ಐದು ಗಂಟೆಗೆ ತುಸು ಕಡಿಮೆ. ನಾವು ಮಕ್ಕಳಿಂದ ಲೆಕ್ಕ ಮಾಡಿಸಿದೆವು: ಗಂಟೆಗೆ ಹತ್ತು ಕಿಲೋಮೀಟರೂ ಆಗಲಿಲ್ಲ. “ನಮ್ಮೂರ ಸೈಕಲ್ಲೇ ಜೋರ್ ಅದರಿ” ಎಂದು ಎಲ್ಲರೂ ನಕ್ಕರು.

ಕಲ್ಲಾರು ದಾಟಿದ ಮೇಲೆ ನಗು ನಿಂತಿತು. ಅಲ್ಲಿಂದ ಮುಂದೆ ಏರು ಹನ್ನೆರಡಕ್ಕೆ ಒಂದು; ಎಂದರೆ ಹನ್ನೆರಡು ಹೆಜ್ಜೆ ಮುಂದೆ ಹೋಗುವಷ್ಟರಲ್ಲಿ ಒಂದು ಹೆಜ್ಜೆಯಷ್ಟು ಮೇಲೇರಬೇಕು. ಸೊಲ್ಲಾಪುರದಿಂದ ಮುಂಬಯಿಗೆ ಹೋಗುವ ನಾವೆಲ್ಲ ಹಾಯುವ, 1863ರಲ್ಲಿ ತೆರೆದ ಬೋರಘಾಟವು ಕಡಿದೆಂದು ಹೆಸರಾದುದು. ಅಲ್ಲಿಯ ಏರು ಮೂವತ್ತೇಳಕ್ಕೆ ಒಂದು ಮಾತ್ರ. ನೀಲಗಿರಿಯಂಥ ಏರಿನಲ್ಲಿ ನುಣುಪಾದ ಗಾಲಿ ನುಣುಪಾದ ಕಂಬಿಯ ಮೇಲೆ ಜಾರದೆ ಇರಲಾರದು. ಆದುದರಿಂದ ಕಂಬಿಗಳ ನಡುವೆ ಹಲ್ಲುಗಳುಳ್ಳ ಎರಡು ಉಕ್ಕಿನ ಪಟ್ಟಿಗಳನ್ನು ಹಾಸಿದ್ದಾರೆ. ಒಂದು ಪಟ್ಟಿಯ ಹಲ್ಲಿಗೆ ಇನ್ನೊಂದರ ಸಂದು ಎದುರಾಗುವಂತೆ ಜೋಡಿಸಿರುವುದರಿಂದ ಎಂಜಿನಿನ ಹಲ್ಲುಗಾಲಿಗೆ ಹಿಡಿತ ತಪ್ಪುವ ಕ್ಷಣವೇ ಇಲ್ಲ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ರೋಮನ್ ಆಬ್ಟ್‌ನ ಯುಕ್ತಿಯಿದು. ಅಲ್ಲಿಯ ಹಳೆಯ ಎಂಜಿನುಗಳು ಬಂದುದೂ ಅದೇ ದೇಶದ ವಿಂಟರ್‌ಥೂರಿನಿಂದ.

ಆ ಎಂಜಿನಿನ ಇನ್ನೊಂದು ಗುಣವನ್ನು ಹೇಳದಿರಲಾರೆವು. ಅದಕ್ಕೆ ಕೆಳಗೊಂದು ಜೊತೆ, ಮೇಲೊಂದು ಜೊತೆ, ಹೀಗೆ ನಾಲ್ಕು ಸಿಲಿಂಡರುಗಳು. ಸಮನೆಲದಲ್ಲಿ ಕೆಳಗಿನ ಜೊತೆ ಮಾತ್ರ ದುಡಿಯುತ್ತದೆ. ಏರು ಬಂದಾಗ, ಕೆಳಗಿನ ಜೊತೆಯಲ್ಲಿ ಒಮ್ಮೆ ದುಡಿದು ಬಂದ ಉಗಿಯನ್ನೇ ಮೇಲಿನ ಜೊತೆಗೆ ಕಳುಹಿಸಿ ಹಲ್ಲುಗಾಲಿಯನ್ನು ತಿರುಗಿಸುತ್ತಾರೆ. ಅದೇ ಉಗಿಗೆ ಎರಡು ಕೂಲಿಯ ಕೆಲಸ! ಅಮ್ಮಂದಿರ ಮನೆವಾರ್ತೆಯ ಜಾಣತನವನ್ನು ಬಲ್ಲ ಮಕ್ಕಳಿಗೆ ಇದು ಕೂಡಲೇ ಅರ್ಥವಾಯಿತು.

ಹಿಲ್‌ಗ್ರೋವ್ ಎಂಬಲ್ಲಿ ಗಾಡಿ ನೀರು ಕುಡಿಯಲು ನಿಂತಾಗ ನಾವೆಲ್ಲ ಇಳಿದು ಎಂಜಿನಿನ ಬಳಿಗೆ ಹೋದೆವು. ಪುಸ್ತಕದಲ್ಲಿ ಒಂದು ಪುಟವಾಗಿದ್ದ ಪಾಠ ಅಲ್ಲಿ ಮೈತುಂಬ ಬೆವತು ನಿಂತಿದ್ದಿತು. ನೀರು ಉಗಿಯಾದಾಗ ಸಾವಿರದ ಆರುನೂರು ಪಟ್ಟಿಗೂ ಮಿಕ್ಕಿ ಹಿಗ್ಗಬಯಸುತ್ತದೆ. ಆ ಹಿಗ್ಗನ್ನು ಕಬ್ಬಿಣದ ಒಡಲಲ್ಲಿ ಬಿಗಿಹಿಡಿದು ದಂಡವನ್ನು ನೂಕಿಸಿದರೆ ಗಾಲಿ ಉರುಳುತ್ತದೆ. ಕೆಲಸ ತೀರಿದ ಉಗಿಯನ್ನು ಸುಮ್ಮನೆ ಬಿಡದೆ ಹೊಗೆಗೊಳವೆಯಲ್ಲಿ ರಭಸದಿಂದ ಹೊರಡಿಸುತ್ತಾರೆ. ಅದು ಹೋಗುವಾಗ ಹೊಗೆಯನ್ನು ಸೆಳೆದೊಯ್ಯುತ್ತದೆ. ಹೊಗೆ ತೆರವಾದಲ್ಲಿಗೆ ಹೊಸ ಗಾಳಿ ನುಗ್ಗಿ ಬೆಂಕಿಯನ್ನು ಊದುತ್ತದೆ. ಹೀಗೆ ಎಂಜಿನು ಹೆಚ್ಚು ದುಡಿದಷ್ಟೂ ಅದರ ಬೆಂಕಿ ತಾನಾಗಿಯೇ ಹೆಚ್ಚು ಉರಿಯುತ್ತದೆ. ನಾವು ‘ಛುಕ್ ಛುಕ್’ ಎಂದು ಆಡಿಕೊಳ್ಳುವುದು ಈ ಊದಿನ ಸದ್ದನ್ನೇ. ಬೆಂಕಿ, ಹೊಗೆ, ಉಗಿ: ಮೂರು ಹೆಸರಿಟ್ಟ ನಮ್ಮ ಹಿರಿಯರು ಮೂವರೂ ಸರಿಯೆಂದು ಆ ನಿಲ್ದಾಣದಲ್ಲಿ ನಮಗೆ ಹೊಳೆಯಿತು.

ಮುಂದಿನ ಕಾಡು, ಕೊಳ್ಳ, ಚಹದ ತೋಟ, ಮಂಜು, ಇವನ್ನು ವರ್ಣಿಸಲು ನಮಗಿಂತ ಸಮರ್ಥರಿದ್ದಾರೆ. ಕನ್ನಡಿಗರಾದ ನಮಗೆ ಅಲ್ಲಿ ದೊರೆತ ಇನ್ನೊಂದು ಸುಖವನ್ನು ಮಾತ್ರ ಹೇಳುವೆವು. ಡಬ್ಬಿಯಲ್ಲಿ ಎದುರು ಕುಳಿತಿದ್ದ ಬಡಗ ಸಮುದಾಯದ ಅಜ್ಜಿಯೊಬ್ಬರು ಮೊಮ್ಮಗಳೊಡನೆ ಆಡುತ್ತಿದ್ದ ಮಾತು ಅರ್ಧಕ್ಕರ್ಧ ನಮಗೆ ತಿಳಿಯುತ್ತಿದ್ದಿತು. ಕನ್ನಡಕ್ಕೆ ತೀರ ಹತ್ತಿರದ ಆ ನುಡಿ, ತಮಿಳುನಾಡಿನ ಅಷ್ಟು ಎತ್ತರದಲ್ಲಿ ಮನೆಯ ಮಾತಾಗಿ ಬಾಳುತ್ತಿರುವುದನ್ನು ಕೇಳಿ, ಮಹಾರಾಷ್ಟ್ರದ ಬಯಲಿನಿಂದ ಹೋದ ನಮಗೆ ನಂಟರನ್ನು ಕಂಡಂತಾಯಿತು.

ಈ ಹಾದಿಗೆ 2005ರಲ್ಲಿ ವಿಶ್ವಪರಂಪರೆಯ ಮನ್ನಣೆ ಬಂದಿತು. ದಾರ್ಜಿಲಿಂಗಿನದಕ್ಕೆ 1999ರಲ್ಲಿಯೇ ಬಂದಿದ್ದಿತು. ಕಾಲ್ಕಾ-ಶಿಮ್ಲಾ ಹಾದಿಗೆ 2008ರಲ್ಲಿ ಬಂದಿತು. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಮನೆಗೆ ಮರಳುವಾಗ ಒಂದು ವಿಚಾರ ನಮ್ಮ ಬೆನ್ನು ಹತ್ತಿತು. ನಮ್ಮ ಜಿಲ್ಲೆಯಲ್ಲಿಯೂ ಇಂಥ ಒಂದು ಹಾದಿ ಇದ್ದಿತಲ್ಲವೆ?

ಇದ್ದಿತು. ಅದೇ ಬಾರ್ಶಿ ಲೈಟ್ ರೈಲ್ವೆ. ಎವೆರಾರ್ಡ್ ಕ್ಯಾಲ್‌ಥ್ರಾಪ್ ಎಂಬ ಇಂಗ್ಲಿಷ್ ಎಂಜಿನಿಯರು ಎರಡೂವರೆ ಅಡಿ ಅಗಲದ ಕಂಬಿಗಳನ್ನು ಹಾಸಿ, ಆಗ ಬಾರ್ಶಿ ರೋಡ್ ಎನಿಸಿದ್ದ ಕುರ್ಡುವಾಡಿಯಿಂದ ಬಾರ್ಶಿಯವರೆಗೆ 1897ರಲ್ಲಿ ಗಾಡಿ ಓಡಿಸಿದನು. ಅದು 1906ರಲ್ಲಿ ಪಂಢರಪುರವನ್ನು, 1911ರಲ್ಲಿ ಲಾತೂರನ್ನು, 1927ರಲ್ಲಿ ಮೀರಜನ್ನು ಮುಟ್ಟಿ, ಒಟ್ಟು 202 ಮೈಲಿ ಬೆಳೆಯಿತು. ಎಂಜಿನಿನ ಭಾರವನ್ನು ಎಲ್ಲ ಅಚ್ಚುಗಳ ಮೇಲೆ ಸಮನಾಗಿ, ಅಚ್ಚಿಗೆ ಐದು ಟನ್ನಿನಂತೆ ಹಂಚಿದರೆ ಹಗುರವಾದ ಅಗ್ಗದ ಕಂಬಿಯ ಮೇಲೂ ದೊಡ್ಡ ಹೊರೆಯನ್ನು ಎಳೆಯಬಹುದೆಂದು ಆತನು ಬಾರ್ಶಿಯಲ್ಲಿ ಮಾಡಿ ತೋರಿಸಿದನು. ಅದೇ ತತ್ತ್ವದ ಮೇಲೆ, ಇಲ್ಲಿಯ ಎಂಜಿನುಗಳನ್ನು ಕಟ್ಟಿದ ಲೀಡ್ಸ್ ಪಟ್ಟಣದ ಕಿಟ್ಸನ್ ಕಾರ್ಖಾನೆಯ ಎಂಜಿನುಗಳಿಂದಲೇ, ಇಂಗ್ಲೆಂಡಿನ ಸ್ಟಾಫರ್ಡ್‌ಷೈರಿನ ಸುಣ್ಣಕಲ್ಲಿನ ಬೆಟ್ಟಗಳ ನಡುವೆ 1904ರಲ್ಲಿ ಲೀಕ್-ಮ್ಯಾನಿಫೋಲ್ಡ್ ಎಂಬ ಹಾದಿ ತೆರೆಯಿತು. ಬಿಳಿಯರು ಕಲಿಸಿದರು, ನಾವು ಕಲಿತೆವು ಎಂದೇ ಓದಿ ಬಂದ ನಮಗೆ, ನಮ್ಮ ಜೋಳದ ಹೊಲಗಳ ನಡುವೆ ಪರೀಕ್ಷಿಸಿದ ಪಾಠ ಅವರ ಬೆಟ್ಟಕ್ಕೆ ಹೋಯಿತೆಂಬುದು ಹೊಸ ಮಾತು. ಆ ಬೆಟ್ಟದ ಹಾದಿ 1934ರಲ್ಲಿ ಮುಚ್ಚಿತು. ಕಂಬಿ ಕಿತ್ತ ಜಾಗ ಈಗ ಕಾಲುನಡಿಗೆಯವರ ದಾರಿಯಾಗಿದೆ.

ಬಾರ್ಶಿಯ ಹಾದಿಯನ್ನು 1954ರಲ್ಲಿ ಸರಕಾರ ಕೊಂಡಿತು. ಈ ಶತಮಾನದ ಮೊದಲ ಹತ್ತು ಹನ್ನೆರಡು ವರ್ಷಗಳಲ್ಲಿ ಅದೆಲ್ಲವೂ ಬ್ರಾಡ್‌ಗೇಜಾಯಿತು. ಇದಕ್ಕಾಗಿ ನಾವು ಕಣ್ಣೀರಿಡುವುದಿಲ್ಲ. ಆಷಾಢ ಏಕಾದಶಿಗೆ ಗಂಟುಮೂಟೆ ಹೊತ್ತು, ಡಬ್ಬಿಯ ಮೇಲೂ ಹತ್ತಿ ಕುಳಿತು ವಿಠಲನನ್ನು ಕಾಣಲು ಹೋದ ಮುದುಕಿಯರಿಗೆ ಆ ಗಾಡಿ ವಿಹಾರವಾಗಿರಲಿಲ್ಲ. ಅವರ ಮೊಮ್ಮಕ್ಕಳು ಇಂದು ದೊಡ್ಡ ಗಾಡಿಯಲ್ಲಿ ನೇರವಾಗಿ ಪಂಢರಪುರಕ್ಕೆ ಹೋಗಿ ಇಳಿಯುವುದು ಒಳ್ಳೆಯದೇ. ನಮಗೆ ನೋಯುವುದು ಬೇರೆ. ಆ ಹಾದಿಯಲ್ಲಿ ಹಿಂದೆ ಬೆಂಕಿ ಹಾಕುತ್ತಿದ್ದ ಹಿರಿಯರೊಬ್ಬರು ನಮಗೆ ಹೇಳಿದರು: “ಹೊಗಿ ಕರ್ರಗ ಬಂತಂದ್ರ ಕಲ್ಲಿದ್ದಲಿ ದಂಡ ಹೊಂಟದ ಅಂತ ತಿಳೀಬೇಕ್ರಿ. ಸ್ವಲ್ಪ ಸ್ವಲ್ಪ ಹಾಕಬೇಕು, ಮ್ಯಾಲಿಂದ ಮ್ಯಾಲ ಹಾಕಬೇಕು. ಒಮ್ಮೆಲೆ ಸುರುವಿದ್ರ ಬೆಂಕಿ ಸಾಯ್ತದ.” ಅವರ ಬಳಿ ಇಂಥ ನೂರು ಮಾತುಗಳಿದ್ದವು, ಕೆಲವು ಕನ್ನಡ, ಕೆಲವು ಮರಾಠಿ, ಕೆಲವು ಇಂಗ್ಲಿಷು ಮುರಿದು ಮಾಡಿಕೊಂಡವು. ಅವನ್ನು ಕೇಳಿ ಬರೆದುಕೊಂಡವರು ಯಾರೂ ಇರಲಿಲ್ಲ. ಕಂಬಿ ಹೋದರೆ ಮತ್ತೆ ಹಾಸಬಹುದು. ನೀಲಗಿರಿಗೆಂದು ಅದೇ ಮಾದರಿಯ ಹೊಸ ಎಂಜಿನುಗಳನ್ನು ತಿರುಚಿರಾಪಳ್ಳಿಯ ಪೊನ್ಮಲೈ ಕಾರ್ಖಾನೆಯವರು ಕಟ್ಟಿಕೊಟ್ಟಿದ್ದಾರೆ. ಕೈಯ ತಿಳಿವಳಿಕೆ ಹೋದರೆ ಅದನ್ನು ಕಟ್ಟಿಕೊಡುವ ಕಾರ್ಖಾನೆಯಿಲ್ಲ.

ಬ್ರಿಟನ್ನಿನ ವೇಲ್ಸ್ ಸೀಮೆಯಲ್ಲಿ ಟಾಲಿಲ್ಲಿನ್ ಎಂಬ ಕಿರಿಯ ಹಾದಿಯೊಂದಿದೆ. ಗಣಿಯ ಹಾಸುಗಲ್ಲನ್ನು ಹೊರಲು ಹುಟ್ಟಿದುದು. ಅದು ಮುಚ್ಚುವ ಹಂತಕ್ಕೆ ಬಂದಾಗ ಊರಪರವೂರಿನ ಹವ್ಯಾಸಿಗಳು ಸಂಘ ಕಟ್ಟಿಕೊಂಡು 1951ರಿಂದ ತಾವೇ ನಡೆಸತೊಡಗಿದರು. ಲೋಕದಲ್ಲಿ ಹೀಗೆ ಉಳಿದ ಮೊದಲ ರೈಲುಹಾದಿ ಅದು. ಅವರು ಬರಿದೆ ಚಂದಾ ಎತ್ತಿ ಸುಮ್ಮನಾಗಲಿಲ್ಲ. ರಜೆಯ ದಿನಗಳಲ್ಲಿ ಹೋಗಿ ಕಳೆ ಕಿತ್ತರು, ಕಂಬಿ ಬಿಗಿದರು, ಬೆಂಕಿ ಹಾಕಲು ಕಲಿತರು. ಅದು ಇಂದಿಗೂ ಓಡುತ್ತಿದೆ.

ಈ ಮಾತು ರೈಲಿಗಷ್ಟೇ ಸಲ್ಲುವುದಲ್ಲ. ಈ ಪತ್ರಿಕೆಯನ್ನು ಓದುವವರು ಕನ್ನಡ ಶಾಲೆಗಳ ಗುರುಗಳು, ವಿದ್ಯಾರ್ಥಿಗಳು. ಗಡಿಯ ಈಚೆಗೆ ನಮ್ಮ ಶಾಲೆಗಳೂ ಕಿರಿಯ ಗೇಜಿನ ಹಾದಿಗಳೇ. ಇವು ಲಾಭದವಲ್ಲ, ಇವುಗಳಿಂದ ಮುಂದೆ ದೊಡ್ಡ ಹಾದಿಗೆ ಕೂಡಿಕೊಳ್ಳುವುದು ಕಷ್ಟ, ಎಂದು ಹೇಳುವವರಿದ್ದಾರೆ. ಹೇಳುವವರಲ್ಲಿ ನಮ್ಮ ಮಕ್ಕಳ ತಂದೆತಾಯಿಗಳೂ ಇದ್ದಾರೆ. ಅವರ ಚಿಂತೆಯನ್ನು ನಾವು ಹಗುರವಾಗಿ ಕಾಣಲಾರೆವು. ಮಗು ಮರಾಠಿಯನ್ನೂ ಇಂಗ್ಲಿಷನ್ನೂ ಚೆನ್ನಾಗಿ ಕಲಿತು ದೊಡ್ಡ ಗಾಡಿ ಹತ್ತಲೇಬೇಕು. ಅದನ್ನು ಹತ್ತಿಸುವುದೂ ನಮ್ಮ ಶಾಲೆಯ ಕೆಲಸವೇ. ನಮ್ಮ ಅಂಜಿಕೆ ಇಷ್ಟೇ: ವರುಷಕ್ಕೊಮ್ಮೆ ನವೆಂಬರ್ 1ರಂದು ಬಣ್ಣ ಬಳಿದು, ಹೂಮಾಲೆ ಹಾಕಿ, ನಾಲ್ಕು ಹೆಜ್ಜೆ ಓಡಿಸಿ, ಚಪ್ಪಾಳೆ ತಟ್ಟಿ ಮತ್ತೆ ಕೊಟ್ಟಿಗೆಗೆ ನೂಕುವ ವಿಹಾರದ ಎಂಜಿನು ನಮ್ಮ ಕನ್ನಡವಾಗಬಾರದು. ಲೆಕ್ಕ ಬಿಡಿಸಲು, ಜಗಳ ಬಿಡಿಸಲು, ಔಷಧದ ಅಂಗಡಿಯಲ್ಲಿ ವಿಚಾರಿಸಲು, ಉಗಿ ಏಕೆ ಹಿಗ್ಗುತ್ತದೆಂದು ಕೇಳಲು, ನಿತ್ಯವೂ ದುಡಿಯುವ ಎಂಜಿನಾಗಿ ಅದು ಇರಬೇಕು. ದುಡಿದಷ್ಟೂ ಬೆಂಕಿ ಹೆಚ್ಚುವುದೆಂಬುದನ್ನು ಹಿಲ್‌ಗ್ರೋವಿನಲ್ಲಿ ಕಂಡು ಬಂದಿದ್ದೇವೆ.

ಆದುದರಿಂದ ಗುರುಬಂಧುಗಳಲ್ಲಿ ಒಂದು ಬಿನ್ನಹ. ಬರುವ ರಜೆಯಲ್ಲಿ ವಿದ್ಯಾರ್ಥಿಗಳಿಗೆ ಒಂದೊಂದು ಇನ್ನೂರು ಪುಟದ ವಹಿ ಕೊಡಿಸೋಣ. ಹೊಟಗಿಯಲ್ಲಿ, ಅಕ್ಕಲಕೋಟೆ ರೋಡಿನಲ್ಲಿ, ಕುರ್ಡುವಾಡಿಯಲ್ಲಿ ಉಗಿಯ ಕಾಲದಲ್ಲಿ ದುಡಿದ ಅಜ್ಜಂದಿರು ಇನ್ನೂ ಕೆಲವರು ಉಳಿದಿದ್ದಾರೆ. ಅವರ ಮನೆಗೆ ಹೋಗಿ, ಕಾಲಿಗೆ ನಮಸ್ಕರಿಸಿ, ಕುಳಿತು ಕೇಳಲಿ. ಕೇಳಿದುದನ್ನು ಅವರು ಆಡಿದ ಮಾತಿನಲ್ಲಿಯೇ ಬರೆದುಕೊಳ್ಳಲಿ. ಯಂತ್ರದ ಭಾಗಗಳ ಹೆಸರು, ಸೀಟಿಯ ಸಂಕೇತ, ಬೆಂಕಿಯ ಗುಟ್ಟು, ರಾತ್ರಿಪಾಳಿಯ ಹಾಡು, ಯಾವುದೂ ಬೇಡವೆನ್ನುವುದು ಬೇಡ. ವಹಿಗಳು ತುಂಬಿ ಬಂದರೆ ನಮ್ಮ ಪತ್ರಿಕೆಯ ಪುಟಗಳು ಅವಕ್ಕಾಗಿ ಕಾದಿರುತ್ತವೆ. ಅಜ್ಜಂದಿರು ಎಂಬತ್ತು ದಾಟಿದ್ದಾರೆ. ದೀಪಾವಳಿಯ ರಜೆಯಲ್ಲಿಯೇ ತೊಡಗುವುದು ಲೇಸು.